ಪಾಳುಬಿದ್ದ ಹಳೆಯ ನಾಟಕಶಾಲೆ ಅಥವಾ ಟಾಕೀಸಿನೊಳಗೆ ಹೋಗಿ ನೋಡುವುದು, ದಾಖಲಿಸುವುದು: ಮಲೆನಾಡಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮುಚ್ಚಿಹೋದ ನಾಟಕಶಾಲೆಗಳನ್ನೂ ಟಾಕೀಸುಗಳನ್ನೂ ನೋಡಿ ದಾಖಲಿಸಬೇಕೆಂದು ಉತ್ಸಾಹದಿಂದ ಹೊರಟವರು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸೋತು ಬರುತ್ತಾರೆ. ಕೆಲವರು ಮಾಲೀಕರನ್ನು ಕೇಳದೆ ಒಳಹೊಕ್ಕು ಬೈಸಿಕೊಂಡು ಬರುತ್ತಾರೆ. ಕೆಲವರು ನೇರವಾಗಿ ರಂಗದ ಮೇಲೆ ಹತ್ತಿ ಹಲಗೆ ಮುರಿದು ಕಾಲು ಗಾಯ ಮಾಡಿಕೊಳ್ಳುತ್ತಾರೆ. ಉಳಿದವರು ಇನ್ನೂರು ಫೋಟೊ ತೆಗೆದು ಮನೆಗೆ ಬಂದ ಮೇಲೆ ಯಾವ ಚಿತ್ರ ಯಾವ ಕೋಣೆಯದ್ದೆಂದು ಹೇಳಲಾಗದೆ ಕೈಚೆಲ್ಲುತ್ತಾರೆ. ಇವರಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ, ಕೆಲಸದ ಕ್ರಮ ತಪ್ಪಿತ್ತು. ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ಬರಹದ ಉದ್ದಕ್ಕೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮಲೆನಾಡಿನಲ್ಲಿ ಪಾಳು ಕಟ್ಟಡವನ್ನು ಕೆಡಹುವುದು ವಯಸ್ಸಲ್ಲ, ನೀರು. ಮಾಡಿನ ಯಾವ ಜಾಗದಿಂದ ನೀರು ಒಳಗೆ ಇಳಿಯುತ್ತಿದೆ, ಯಾವ ಗೋಡೆಯನ್ನು ಹಿಡಿದು ಹರಿಯುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂಬುದು ತಿಳಿದರೆ ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು ಎಂಬುದರ ಬಹುಪಾಲು ತಿಳಿದಂತೆಯೇ.

ಹಂತ 1: ಅನುಮತಿ ಮತ್ತು ಕಾಗದಪತ್ರ

ಬಾಗಿಲಿಗೆ ಬೀಗವಿಲ್ಲ, ಪಾಗಾರ ಬಿದ್ದುಹೋಗಿದೆ ಎಂಬುದು ಅನುಮತಿಯಾಗುವುದಿಲ್ಲ. ಅತಿಕ್ರಮ ಪ್ರವೇಶವನ್ನು ಈಗ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿಯಲ್ಲಿ ನೋಡಲಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ಮಾಲೀಕರನ್ನು ಬಿಟ್ಟು ಒಳಗೆ ಹೋದವರಿಗೆ ಆ ಕಟ್ಟಡದ ಬಗ್ಗೆ ನಿಜವಾಗಿ ತಿಳಿದಿರುವ ಯಾರೂ ಮುಂದೆ ಮಾತು ಕೊಡುವುದಿಲ್ಲ, ಅದು ದೊಡ್ಡ ನಷ್ಟ.

ಮೊದಲು ಆಸ್ತಿ ಯಾರ ಹೆಸರಿನಲ್ಲಿದೆ ಎಂದು ನೋಡಿ. ಕಟ್ಟಡ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ದಾಖಲೆಯಲ್ಲಿ, ಊರು ಪಟ್ಟಣದ್ದಾದರೆ ಪುರಸಭೆ ಅಥವಾ ಪಾಲಿಕೆಯ ಖಾತೆಯಲ್ಲಿ ಹೆಸರು ಸಿಗುತ್ತದೆ. ಹಳೆಯ ಟಾಕೀಸುಗಳು ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಸಿಲುಕಿರುವುದು ಸಾಮಾನ್ಯ. ಹಾಗಿದ್ದರೆ ಒಬ್ಬರ ಒಪ್ಪಿಗೆ ಸಾಲದು, ಎಲ್ಲ ಪಾಲುದಾರರಿಗೂ ವಿಷಯ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಪತ್ರದಲ್ಲಿ ದಿನಾಂಕ, ಒಳಗೆ ಹೋಗುವವರ ಹೆಸರು, ಏನನ್ನೂ ಹೊರಗೆ ಒಯ್ಯುವುದಿಲ್ಲ ಎಂಬ ಮಾತು ಮತ್ತು ಚಿತ್ರಗಳ ಒಂದು ಪ್ರತಿಯನ್ನು ಅವರಿಗೆ ಕೊಡುವ ಭರವಸೆ, ಇವಿಷ್ಟು ಇರಲಿ.

ಸಿನಿಮಾ ತೋರಿಸುತ್ತಿದ್ದ ಕಟ್ಟಡವಾದರೆ ಇನ್ನೊಂದು ದಾರಿ ಇದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದ್ದು, ಹೀಗಾಗಿ ಜಿಲ್ಲಾಧಿಕಾರಿ ಕಚೇರಿಯ ಹಳೆಯ ಕಡತದಲ್ಲಿ ಕಟ್ಟಡದ ನಕ್ಷೆ ಉಳಿದಿರುವ ಸಾಧ್ಯತೆ ಇರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ ಮಾತ್ರ. ನಕ್ಷೆ ಕೈಯಲ್ಲಿದ್ದರೆ ಮೆಟ್ಟಿಲು, ತುರ್ತು ಬಾಗಿಲು ಮತ್ತು ಪ್ರೊಜೆಕ್ಟರ್ ಕೋಣೆ ಎಲ್ಲಿವೆ ಎಂಬುದು ಒಳಗೆ ಹೋಗುವ ಮೊದಲೇ ಗೊತ್ತಿರುತ್ತದೆ.

ಕೊನೆಯದಾಗಿ, ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ: ಗೇಟ್‌ಕೀಪರ್, ಆಪರೇಟರ್, ಪರದೆ ಎಳೆಯುತ್ತಿದ್ದವರು, ಎದುರಿನ ಕ್ಯಾಂಟೀನಿನವರು. ಸಾಗರದ ಕಡೆ ಒಬ್ಬ ಹಳೆಯ ಆಪರೇಟರ್ ಅಜ್ಜ ನನಗೆ ಚಹಾ ಕೊಡುತ್ತಲೇ, ‘ಅಪ್ಪೀ, ಬಾಲ್ಕನಿಗೆ ಹೋಗುವ ಎಡಗಡೆ ಮೆಟ್ಟಿಲು ಹತ್ತಬೇಡ. ನಾವು ಕೆಲಸಕ್ಕಿದ್ದಾಗಲೇ ಅದು ಅಲುಗುತ್ತಿತ್ತು’ ಎಂದು ಹೇಳಿದ್ದರು. ಯಾವ ನಕ್ಷೆಯಲ್ಲೂ ಸಿಗದ ಮಾಹಿತಿ ಅದು.

ಹಂತ 2: ಮಳೆಗಾಲದಲ್ಲಿ ಹೊರಗಿನಿಂದ ಮಾತ್ರ ಒಂದು ಭೇಟಿ

ಹೆಚ್ಚಿನವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಕಟ್ಟಡದ ಒಳಗೆ ಹೋಗಲೇಬಾರದು ಎಂಬುದು ನಿಜ. ಆದರೆ ಜುಲೈ ಅಥವಾ ಆಗಸ್ಟ್‌ನಲ್ಲಿ ಒಂದು ದಿನ ಕೊಡೆ ಹಿಡಿದು, ಗೋಡೆ ಬಿದ್ದರೂ ತಾಗದಷ್ಟು ದೂರದಲ್ಲಿ ನಿಂತು, ಅರ್ಧ ಗಂಟೆ ನೀರನ್ನು ನೋಡಬೇಕು. ಸೂರಿನಿಂದ ಒಂದೇ ಸಮನೆ ಬೀಳಬೇಕಾದ ನೀರು ಒಂದು ಕಡೆ ಮಾತ್ರ ಬೀಳದಿದ್ದರೆ, ಅಲ್ಲಿ ಮಾಡಿನ ನೀರು ಕಟ್ಟಡದ ಒಳಗೆ ಹೋಗುತ್ತಿದೆ ಎಂದರ್ಥ. ಎರಡು ಮಾಡುಗಳು ಕೂಡುವಲ್ಲಿ ಹಾಕಿದ ತಗಡಿನ ದಂಬೆ ಎಲೆಯಿಂದ ಕಟ್ಟಿಕೊಂಡು ಉಕ್ಕುತ್ತಿದೆಯೇ, ಗೋಡೆಯ ಯಾವ ಪಟ್ಟಿ ಉಳಿದದ್ದಕ್ಕಿಂತ ಕಪ್ಪಾಗಿ ನೆನೆದಿದೆ, ಬುಡದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಕೈನಕ್ಷೆಯಲ್ಲಿ ನೀಲಿ ಪೆನ್ಸಿಲಿನಿಂದ ಗುರುತು ಮಾಡಿ. ಬೇಸಿಗೆಯಲ್ಲಿ ಒಣಗಿ ಬೆಳ್ಳಗೆ ಕಾಣುವ ಗೋಡೆ ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ.

ನೀಲಿ ಗೆರೆ ಎಳೆದ ಭಾಗದ ಕೆಳಗಿರುವ ತೊಲೆ, ಪಕಾಸು, ರೀಪು, ಹಲಗೆ ಎಲ್ಲವನ್ನೂ ಕೊಳೆತಿದೆ ಎಂದೇ ಭಾವಿಸಿ ಮುಂದಿನ ಹಂತಗಳನ್ನು ಯೋಜಿಸಬೇಕು. ಗಟ್ಟಿಯಾಗಿದೆ ಎಂದು ಆಮೇಲೆ ಸಾಬೀತಾದರೆ ಒಳ್ಳೆಯದೇ.

ಹಂತ 3: ಒಳಗೆ ಹೋಗುವ ದಿನ, ಜೊತೆಗಾರರು, ಸಲಕರಣೆ

ಕಾಲದ ಆಯ್ಕೆ ಇಲ್ಲಿ ಸುಲಭವಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು ಕುಡಿದ ಜಂಬಿಟ್ಟಿಗೆ ಕಲ್ಲಿನ ಗೋಡೆಯೂ ಸುಣ್ಣದ ಗಾರೆಯೂ ಮಳೆ ನಿಂತ ಮರುದಿನವೇ ಒಣಗುವುದಿಲ್ಲ, ಜಂಬಿಟ್ಟಿಗೆಯಂತೂ ಒದ್ದೆಯಾಗಿದ್ದಾಗ ಭಾರ ಹೊರುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹಾಗೆಂದು ಬೇಸಿಗೆಯವರೆಗೆ ಕಾದರೆ ಮಂಗನ ಕಾಯಿಲೆಯ ಕಾಲ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಮಂಗಗಳು ಓಡಾಡುವ ಮಾಡು, ಒಳಗೆ ರಾಶಿಬಿದ್ದ ತರಗೆಲೆ, ಹಿತ್ತಿಲಿಗೆ ತಾಗಿದ ಕಾಡು, ಇವೆಲ್ಲ ಇರುವ ಕಟ್ಟಡದಲ್ಲಿ ಇದನ್ನು ಲಘುವಾಗಿ ಕಾಣಬಾರದು. ನನ್ನ ಅನುಭವದಲ್ಲಿ ದೀಪಾವಳಿ ಕಳೆದು ಎರಡು ವಾರ ಬಿಸಿಲು ಬಿದ್ದ ಮೇಲೆ, ಡಿಸೆಂಬರ್ ಮೊದಲ ವಾರದೊಳಗೆ ಕೆಲಸ ಮುಗಿಸುವುದು ಉತ್ತಮ. ಶಿವಮೊಗ್ಗ ನಗರದಲ್ಲಿ ಮಳೆ ಘಟ್ಟದ ಅಂಚಿಗಿಂತ ಬಹಳ ಕಡಿಮೆಯಾದ್ದರಿಂದ ಅಲ್ಲಿನ ಕಟ್ಟಡಗಳಿಗೆ ಸ್ವಲ್ಪ ಸಡಿಲಿಕೆ ಇದೆ. ಯಾವ ತಿಂಗಳಾದರೂ ಕಾಡಿನಂಚಿನ ಊರಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ನಿರೋಧಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಿ.

ಕನಿಷ್ಠ ಮೂವರು ಇರಬೇಕು: ಇಬ್ಬರು ಒಳಗೆ, ಒಬ್ಬರು ಹೊರಗೆ. ಹೊರಗಿರುವವರ ಕೈಯಲ್ಲಿ ಮೊಬೈಲ್ ಸಿಗ್ನಲ್ ಇರಬೇಕು, ವಾಹನದ ಕೀಲಿ ಇರಬೇಕು. ಇಷ್ಟು ಹೊತ್ತಿಗೆ ಹೊರಬರುತ್ತೇವೆ ಎಂದು ಅವರಿಗೆ ಹೇಳಿಟ್ಟು, ಆ ಹೊತ್ತು ಮೀರಿದರೆ ಅವರು ತಾವೇ ಒಳಗೆ ನುಗ್ಗದೆ 112ಕ್ಕೆ ಕರೆಮಾಡುವಂತೆ ಗೊತ್ತುಮಾಡಿಕೊಳ್ಳಿ.

ಸಲಕರಣೆಗಳಲ್ಲಿ ಮುಖ್ಯವಾದವು ಕಟ್ಟಡ ಕಾರ್ಮಿಕರು ಧರಿಸುವ ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್ ಮತ್ತು ಕೈಯಲ್ಲಿ ಇನ್ನೊಂದು ಟಾರ್ಚ್, ಎನ್-95 ಮಾಸ್ಕ್, ಗಮ್‌ಬೂಟು, ದಪ್ಪ ಕೈಗವಸು, 30 ಮೀಟರ್ ಟೇಪು, ಒಂದು ಉದ್ದದ ಸ್ಕ್ರೂಡ್ರೈವರ್, ಸ್ಲೇಟು ಮತ್ತು ಬಳಪ. ಮಳೆ ಬಿಟ್ಟ ಹೊಸತರಲ್ಲಿ ಇಂಬಳಕ್ಕೆ ಉಪ್ಪಿನ ಪೊಟ್ಟಣವೂ ಇರಲಿ. ಇದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆರೇಳು ಅಡಿಯ ಬಿದಿರಿನ ಗಳ. ಅಡಿಕೆ ಕೊಯ್ಯುವ ದೋಟಿ ಮನೆಯಲ್ಲೇ ಇದೆಯಲ್ಲ ಎಂದು ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ದೋಟಿಯನ್ನು ತರಬೇಡಿ, ಅವೆರಡರಲ್ಲೂ ವಿದ್ಯುತ್ ಹರಿಯುತ್ತದೆ. ಮೀಟರ್ ಕಿತ್ತಿದ್ದರೂ ಪಕ್ಕದ ಅಂಗಡಿಗೆ ಈ ಕಟ್ಟಡದ ಮೂಲಕವೇ ತಂತಿ ಹೋಗಿರಬಹುದು. ಮೆಸ್ಕಾಂ ಲೈನ್‌ಮನ್ ಒಬ್ಬರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೂ ಯಾವ ತಂತಿಯನ್ನೂ ಮುಟ್ಟಬೇಡಿ.

ಹಂತ 4: ಹೊರಗಿನ ಸುತ್ತು

ಬಾಗಿಲಿಗೆ ಹೋಗುವ ಮೊದಲು ಕಟ್ಟಡವನ್ನು ಒಂದು ಪೂರ್ತಿ ಸುತ್ತು ಹಾಕಬೇಕು, ಕಣ್ಣು ಮೇಲಿನಿಂದ ಕೆಳಗೆ ಬರಬೇಕು. ಮಾಡಿನ ಏಣು ನೇರವಾಗಿದೆಯೇ, ನಡುವೆ ಕುದುರೆಯ ಬೆನ್ನಿನಂತೆ ಬಾಗಿದೆಯೇ ನೋಡಿ. ಬಾಗಿದ್ದರೆ ಅದರ ಕೆಳಗೆ ಮಾಡನ್ನು ಹೊರುವ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್, ಸೋತಿದೆ, ಆ ಅಂಕಣದ ಕೆಳಗೆ ಯಾರೂ ನಿಲ್ಲಬಾರದು. ಮರದ ತೊಲೆಗಳು ಮೊದಲು ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹುದುಗಿರುವ ತುದಿಯಲ್ಲಿ. ಆದ್ದರಿಂದ ನಡುವಿನ ಮರ ಹೊಳೆಯುತ್ತಿದೆ ಎಂದು ನಂಬುವುದು ತಪ್ಪು.

ಗೋಡೆಯಲ್ಲಿ ಓರೆಯಾಗಿ ಏರುವ, ಮೇಲೆ ಹೋದಂತೆ ಅಗಲವಾಗುವ ಬಿರುಕು, ಹೊಟ್ಟೆ ಉಬ್ಬಿದಂತೆ ಹೊರಬಾಗಿದ ಗೋಡೆ, ಬಾಗಿಲ ಮೇಲಿನ ತೊಲೆಯ ಜೋತುಬೀಳುವಿಕೆ, ಇವು ಅಪಾಯದ ಗುರುತುಗಳು. ಬಿರುಕು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ತಿಳಿಯಬೇಕಾದರೆ ಅದರ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟು, ತಿಂಗಳ ನಂತರ ನೋಡಬೇಕು. ಮಳೆಗಾಲದ ಭೇಟಿಯಲ್ಲೇ, ದೂರದಿಂದ ನೀರು ನೋಡಿದ ಮೇಲೆ ಗಟ್ಟಿಯಾಗಿ ನಿಂತ ಭಾಗಕ್ಕೆ ಮಾತ್ರ ಹತ್ತಿರ ಹೋಗಿ, ಇದನ್ನು ಮಾಡಿಟ್ಟಿದ್ದರೆ ಈಗ ಉತ್ತರ ಸಿದ್ಧವಿರುತ್ತದೆ. ಗೋಡೆಯ ಸಂದಿಯಲ್ಲಿ ಬೆಳೆದ ಅರಳಿ, ಆಲದ ಗಿಡಗಳನ್ನು ಕೀಳಬೇಡಿ. ಎಷ್ಟೋ ವೇಳೆ ಸಡಿಲವಾದ ಕಲ್ಲುಗಳನ್ನು ಆ ಬೇರೇ ಹಿಡಿದುಕೊಂಡಿರುತ್ತದೆ.

ಹೆಜ್ಜೇನು ಮತ್ತು ಕಡಜದ ಗೂಡುಗಳನ್ನು ಹುಡುಕಬೇಕಾದದ್ದೂ ಈ ಸುತ್ತಿನಲ್ಲೇ. ಸೂರಿನಡಿ ಗೂಡು ಕಂಡರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಲಿ.

ಹಂತ 5: ಬಾಗಿಲಲ್ಲಿ ಹತ್ತು ನಿಮಿಷ

ಬಾಗಿಲು ತೆರೆದ ಕೂಡಲೇ ಒಳಹೋಗಬಾರದು. ಸಾಧ್ಯವಾದರೆ ಎದುರಿನ ಇನ್ನೊಂದು ಬಾಗಿಲನ್ನೂ ಹೊರಗಿನಿಂದಲೇ ತೆರೆದು ಗಾಳಿಯಾಡಲು ಬಿಡಿ. ಗಳದಿಂದ ಹೊಸಿಲು, ಬಾಗಿಲ ಹಿಂಬದಿ, ಮೇಲಿನ ಚೌಕಟ್ಟು ತಟ್ಟಿ ಸದ್ದು ಮಾಡಿ, ಹಾವಿದ್ದರೆ ಸರಿದುಹೋಗಲು ಅದಕ್ಕೆ ಸಮಯ ಬೇಕು. ಆಮೇಲೆ ಮಾತಿಲ್ಲದೆ ನಿಂತು ಕೇಳಿ. ಒಣ ದಿನದಲ್ಲೂ ತೊಟ್ಟಿಕ್ಕುವ ಸದ್ದಿದ್ದರೆ ಮೇಲೆ ಎಲ್ಲೋ ನೀರು ನಿಂತಿದೆ. ಮಣ್ಣು ಉದುರುವ ಸಣ್ಣ ಸದ್ದು ಬಿಟ್ಟು ಬಿಟ್ಟು ಬರುತ್ತಿದ್ದರೆ ಗಾರೆ ಕಳಚುತ್ತಿದೆ, ಹಿಂದಿರುಗಿ.

ಬಾವಲಿಯ ಹಿಕ್ಕೆಯ ಗಾಟು ವಾಸನೆ ಇದ್ದರೆ ಮಾಸ್ಕ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರವಿರಬಹುದು. ಅದನ್ನು ಗುಡಿಸುವುದೂ ಒದೆಯುವುದೂ ತಪ್ಪು.

ಹಂತ 6: ಪ್ರೇಕ್ಷಕರ ಭಾಗ

ಗೋಡೆಯ ಅಂಚಿನಲ್ಲಿ, ಆದರೆ ನೀಲಿ ಗುರುತಿನ ಗೋಡೆಯನ್ನು ಬಿಟ್ಟು, ಬಲದಿಂದ ಎಡಕ್ಕೆ ಒಂದೇ ದಿಕ್ಕಿನಲ್ಲಿ ನಡೆಯಿರಿ. ಮುಂದೆ ಹೋಗುವವರು ಗಳದಿಂದ ನೆಲ ತಟ್ಟುತ್ತಾರೆ, ಹಿಂದಿನವರು ಮೂರು ಹೆಜ್ಜೆ ಬಿಟ್ಟು ಅದೇ ಹೆಜ್ಜೆಯ ಮೇಲೆ ಬರುತ್ತಾರೆ. ನಡೆಯುವಾಗ ಮೇಲೆ ನೋಡಬಾರದು, ಮೇಲೆ ನೋಡಬೇಕಾದರೆ ನಿಲ್ಲಬೇಕು. ಈ ಚಿಕ್ಕ ನಿಯಮವನ್ನು ಮರೆತು ಎಡವಿದವರು ಅನೇಕರು.

ನೆಲದ ಮೇಲಿನ ಹೆಂಚಿನ ಚೂರು ಬಹಳ ಹೇಳುತ್ತವೆ. ಮುರಿದ ಅಂಚು ಪಾಚಿಗಟ್ಟಿ ಕಪ್ಪಾಗಿದ್ದರೆ ಹಳೆಯದು, ಕೆಂಪಗೆ ಹೊಸದಾಗಿ ಕಂಡರೆ ಇತ್ತೀಚೆಗೆ ಬಿದ್ದದ್ದು, ಮತ್ತೊಂದು ಬೀಳಬಹುದು. ಗೋಡೆಗೆ ಹೊಡೆದ ಧ್ವನಿ ಹೀರುವ ಹಲಗೆಗಳಲ್ಲಿಯೂ ಮಾಡಿನ ಶೀಟುಗಳಲ್ಲಿಯೂ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿರಬಹುದಾದ್ದರಿಂದ ಅವನ್ನು ಮುರಿಯಬೇಡಿ, ಕೆರೆಯಬೇಡಿ. ಕುರ್ಚಿಗಳ ಹರಿದ ಗಾದಿಯೊಳಗೆ ಕೈ ಹಾಕಬೇಡಿ. ನಿಂತ ನೀರಿದ್ದರೆ ಬರಿಗಾಲು, ಚಪ್ಪಲಿ ಎರಡೂ ಸಲ್ಲದು, ಇಲಿಜ್ವರ ಬರುವುದು ಇಂಥ ನೀರಿನಿಂದಲೇ.

ಹಂತ 7: ರಂಗ ಮತ್ತು ನೇಪಥ್ಯ

ಅತಿ ಹೆಚ್ಚು ಅವಘಡಗಳು ಆಗುವುದು ಇಲ್ಲಿ. ಕಂಪನಿ ನಾಟಕಗಳಿಗೆಂದು ಕಟ್ಟಿದ ರಂಗದ ಹಲಗೆಯ ಕೆಳಗೆ ಟೊಳ್ಳು ಇರುತ್ತದೆ, ಪಾತ್ರಗಳು ಕೆಳಗಿನಿಂದ ಎದ್ದುಬರಲು ಕತ್ತರಿಸಿದ ಕಳ್ಳಬಾಗಿಲೂ ಇರಬಹುದು. ಎಲ್ಲರಿಗೂ ಮೊದಲು ರಂಗದ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ, ಆದರೆ ನಡುವೆಯೇ ಹಲಗೆ ಹೆಚ್ಚು ಬಾಗುವುದು.

ತೀರ್ಥಹಳ್ಳಿ ಕಡೆಯ ಒಂದು ನಾಟಕಶಾಲೆಯಲ್ಲಿ ನಾನು ರಂಗದ ಅಂಚಿನ ಹಲಗೆಯನ್ನು ಕೈಯಿಂದ ಒತ್ತಿ ನೋಡಿದೆ. ಹಸಿರು ಬಣ್ಣ ಮಾಸಿರಲಿಲ್ಲ, ಮೊಳೆಯ ತಲೆಗಳು ಸಾಲಾಗಿ ಇದ್ದವು, ಗೆದ್ದಲಿನ ಒಂದು ಗೆರೆಯೂ ಮೇಲೆ ಕಾಣುತ್ತಿರಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಬೆರಳಿನಿಂದ ಸ್ವಲ್ಪ ಒತ್ತಿದೆ, ಅದು ಹಿಡಿಯವರೆಗೂ ಇಳಿಯಿತು. ಹೊರಗೆಳೆದಾಗ ತುದಿಯಲ್ಲಿ ಮರದ ಚೂರಲ್ಲ, ಒದ್ದೆ ಮಣ್ಣು ಇತ್ತು. ಬಣ್ಣದ ಪದರವೊಂದನ್ನು ಬಿಟ್ಟು ಒಳಗಿನ ಮರವನ್ನೆಲ್ಲ ಗೆದ್ದಲು ತಿಂದು ಮಣ್ಣು ತುಂಬಿತ್ತು. ಅದರ ನೇರ ಮೇಲೆ, ಮಾಡಿನಲ್ಲಿ, ಮೂರು ಹೆಂಚು ಇರಲಿಲ್ಲ.

ಆದ್ದರಿಂದ ರಂಗವನ್ನು ಹತ್ತದೆ ಮೊದಲು ಕೆಳಗಿನಿಂದ ಅಂಚಿನುದ್ದಕ್ಕೂ ಪ್ರತಿ ಎರಡು ಅಡಿಗೊಮ್ಮೆ ಗಳದಿಂದ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಸತ್ತ ಮರ ಬೊದ್ ಎನ್ನುತ್ತದೆ. ನಂತರ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಹತ್ತಲೇಬೇಕಾದರೆ ಮೊಳೆಗಳ ಸಾಲನ್ನು ಹಿಡಿದು ನಡೆಯಿರಿ, ಆ ಸಾಲಿನ ಕೆಳಗೆ ಅಡ್ಡತೊಲೆ ಇರುತ್ತದೆ. ತೊಲೆಯೇ ಕೊಳೆತಿರಬಹುದಾದ್ದರಿಂದ ಅದೂ ಪೂರ್ಣ ಭರವಸೆಯಲ್ಲ. ರಂಗದ ಕೆಳಗಿನ ಟೊಳ್ಳಿಗೆ ಯಾರೂ ಇಳಿಯಬಾರದು: ಅಲ್ಲಿ ಗಾಳಿ ಕೆಟ್ಟಿರುತ್ತದೆ, ಹಾವಿಗೆ ಅದಕ್ಕಿಂತ ತಂಪಾದ ಜಾಗ ಇನ್ನೊಂದಿಲ್ಲ. ಕ್ಯಾಮೆರಾವನ್ನು ಗಳದ ತುದಿಗೆ ಕಟ್ಟಿ ಇಳಿಸಿದರೆ ಸಾಕು.

ಸುರುಳಿ ಸುತ್ತಿದ ಬಣ್ಣದ ಪರದೆ ಸಿಕ್ಕರೆ ದಯವಿಟ್ಟು ಬಿಡಿಸಬೇಡಿ. ನಮ್ಮ ಗುಂಪಿನವರೊಬ್ಬರು ಬಿದಿರಿಗೆ ಸುತ್ತಿದ ಒಂದು ಅರಮನೆ ಸೀನಿನ ಪರದೆಯನ್ನು ಎರಡು ಅಡಿ ಬಿಡಿಸಿದಾಗ ಕಂಬಗಳ ಚಿತ್ರ ಒಂದು ಕ್ಷಣ ಕಂಡು, ಬಣ್ಣವೆಲ್ಲ ಹೊಟ್ಟಿನಂತೆ ನೆಲಕ್ಕೆ ಉದುರಿತು. ತಡೆಯದೆ ನಿಂತದ್ದು ನನ್ನ ತಪ್ಪು, ಇಂದಿಗೂ ಅದು ನೋಯಿಸುತ್ತದೆ. ಉದ್ದ, ಸುತ್ತಳತೆ, ಅಂಚಿನಲ್ಲಿ ಕಾಣುವ ಬಣ್ಣ ಇವನ್ನು ಬರೆದುಕೊಂಡು, ನೀರು ಬೀಳದ ಜಾಗದಲ್ಲಿದೆಯೇ ನೋಡಿ, ಮಾಲೀಕರಿಗೆ ತಿಳಿಸಿ. ಬಿಡಿಸುವುದು ಬಟ್ಟೆಯ ಸಂರಕ್ಷಣೆ ಬಲ್ಲವರ ಕೆಲಸ.

ಬಣ್ಣದ ಕೋಣೆಯ ಗೋಡೆಗಳನ್ನು ನಿಧಾನವಾಗಿ ನೋಡಿ. ಪೆನ್ಸಿಲಿನಲ್ಲಿ ಬರೆದ ಹೆಸರು, ಪಾತ್ರಗಳ ಪಟ್ಟಿ, ಊರಿನಿಂದೂರಿಗೆ ಹೋದ ಲೆಕ್ಕ ಅಲ್ಲಿರಬಹುದು. ಟಾರ್ಚನ್ನು ನೇರವಾಗಿ ಹಿಡಿಯದೆ ಗೋಡೆಗೆ ತಾಗಿಸಿ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಮಾಸಿದ ಅಕ್ಷರಗಳು ಎದ್ದು ಕಾಣುತ್ತವೆ. ನೀರು ಚಿಮುಕಿಸುವುದು, ಸುಣ್ಣದ ಪುಡಿ ಉಜ್ಜುವುದು ಬೇಡ.

ಹಂತ 8: ಬಾಲ್ಕನಿ ಮತ್ತು ಪ್ರೊಜೆಕ್ಟರ್ ಕೋಣೆ

ಬಾಲ್ಕನಿಯನ್ನು ಕೆಳಗಿನಿಂದ ನೋಡಿ ನಿರ್ಧರಿಸಬೇಕು. ಕಾಂಕ್ರೀಟಿನ ಅಡಿಭಾಗದಲ್ಲಿ ಕಂದು ಗೆರೆಗಳು, ಉದುರಿದ ಪದರ, ಹೊರಬಂದ ಕಬ್ಬಿಣ ಕಂಡರೆ ಹತ್ತಬೇಡಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳಿರುತ್ತದೆ. ಮರದ ಬಾಲ್ಕನಿಯಾದರೆ ನನ್ನ ಸಲಹೆ ಇನ್ನೂ ಸರಳ: ಎಂಜಿನಿಯರ್ ನೋಡಿ ಹೇಳುವವರೆಗೆ ಹತ್ತಬೇಡಿ.

ಪ್ರೊಜೆಕ್ಟರ್ ಕೋಣೆಗೆ ಸಾಮಾನ್ಯವಾಗಿ ಹೊರಗಿನಿಂದ ಪ್ರತ್ಯೇಕ ಮೆಟ್ಟಿಲಿರುತ್ತದೆ. ಅದು ಗಟ್ಟಿಯಾಗಿದ್ದರೆ ಬಾಗಿಲವರೆಗೆ ಹೋಗಿ ಮೂಗಿಗೆ ಕೆಲಸ ಕೊಡಿ. ವಿನೆಗರಿನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ, ಅದರಿಂದ ಬೆಂಕಿಯ ಭಯವಿಲ್ಲ. ಆದರೆ 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಬೇರೆಯೇ ವಸ್ತು. ಡಬ್ಬಿಯೊಳಗೆ ಅಂಟಾದ ಕಂದು ಮುದ್ದೆ ಅಥವಾ ಕಂದು ಪುಡಿ ಕಂಡರೆ ಮುಟ್ಟದೆ ಹೊರಬಂದು ಅಗ್ನಿಶಾಮಕ ಠಾಣೆಗೆ ತಿಳಿಸಿ. ಹೊತ್ತಿಕೊಂಡರೆ ಅದು ನೀರಿನಲ್ಲೂ ಉರಿಯುತ್ತದೆ. ಪ್ರೊಜೆಕ್ಟರಿನಲ್ಲಿ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಕೊಡುತ್ತಿದ್ದ ಆರ್ಕ್ ದೀಪಕ್ಕೆ ವಿದ್ಯುತ್ ಒದಗಿಸುತ್ತಿದ್ದ ಹಳೆಯ ಪೆಟ್ಟಿಗೆಯಲ್ಲಿ ದೊಡ್ಡ ಗಾಜಿನ ಬುರುಡೆ ಇದ್ದರೆ ಅದರಲ್ಲಿ ಪಾದರಸವಿರಬಹುದು, ಅದನ್ನೂ ಮುಟ್ಟಬೇಡಿ. ಮೂಲೆಯಲ್ಲಿ ಬಿದ್ದ ಬೆರಳುದ್ದದ ಕಾರ್ಬನ್ ಕಡ್ಡಿಯ ತುಂಡುಗಳಿಂದ ಅಪಾಯವಿಲ್ಲ, ಇದ್ದಲ್ಲೇ ಅಳತೆಗೋಲಿನೊಂದಿಗೆ ಚಿತ್ರ ತೆಗೆಯಿರಿ.

ಹಂತ 9: ದಾಖಲಿಸುವ ಕ್ರಮ

ಪ್ರತಿ ಕೋಣೆಗೆ ಒಂದು ಸಂಖ್ಯೆ ಕೊಟ್ಟು ಕೈನಕ್ಷೆಯಲ್ಲಿ ಬರೆಯಿರಿ. ಕೋಣೆಯನ್ನು ಹೊಕ್ಕ ಕೂಡಲೇ ಸ್ಲೇಟಿನ ಮೇಲೆ ಆ ಸಂಖ್ಯೆ ಮತ್ತು ಉತ್ತರ ದಿಕ್ಕಿನ ಬಾಣ ಬರೆದು ಅದರ ಫೋಟೊ ಮೊದಲು ತೆಗೆಯಿರಿ. ಆಮೇಲೆ ಬಾಗಿಲಿನಿಂದ ಪ್ರದಕ್ಷಿಣವಾಗಿ ನಾಲ್ಕು ಗೋಡೆ, ನಂತರ ಮೇಲ್ಭಾಗ, ನಂತರ ನೆಲ, ಕೊನೆಗೆ ವಿವರಗಳು. ಈ ಸರಣಿಯನ್ನು ಎಂದೂ ಬದಲಿಸಬಾರದು. ಅಳತೆಗಳಲ್ಲಿ ಗೋಡೆಯಿಂದ ಗೋಡೆಗೆ ಮಾತ್ರವಲ್ಲದೆ ಎರಡು ಕರ್ಣಗಳನ್ನೂ ತೆಗೆದುಕೊಳ್ಳಿ, ಕೋಣೆ ಚೌಕವಾಗಿದೆಯೋ ಓರೆಯಾಗಿದೆಯೋ ಅದರಿಂದಲೇ ತಿಳಿಯುತ್ತದೆ. ಟಿಕೆಟ್ ಪುಸ್ತಕ, ಹ್ಯಾಂಡ್‌ಬಿಲ್, ಒಂದರ ಮೇಲೊಂದು ಅಂಟಿಸಿದ ಪೋಸ್ಟರ್, ಯಾವುದನ್ನೂ ಕೀಳದೆ, ಎತ್ತದೆ ಇದ್ದಂತೆಯೇ ಚಿತ್ರಿಸಿ.

ತಕ್ಷಣ ಹೊರಬರಬೇಕಾದ ಸಂದರ್ಭಗಳು

ಮಳೆ ಹನಿಯತೊಡಗಿದರೆ, ಗಾಳಿ ಎದ್ದರೆ, ಮರ ಲಟಕ್ ಎಂದು ಸದ್ದು ಮಾಡಿದರೆ, ಯಾರಿಗಾದರೂ ತಲೆನೋವು ಅಥವಾ ಉಸಿರುಕಟ್ಟಿದಂತೆ ಆದರೆ, ಚರ್ಚೆ ಮಾಡದೆ ಬಂದ ದಾರಿಯಲ್ಲೇ ಹಿಂದಿರುಗಿ. ಹತ್ತಿರವೆಂದು ಹೊಸ ಬಾಗಿಲನ್ನು ಹುಡುಕಬೇಡಿ.

ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಕೂಡದು. ನಾಟಿ ಔಷಧಿಗೆಂದು ಗಂಟೆಗಳನ್ನು ಕಳೆಯುವುದೂ ಕೂಡದು. ಉಂಗುರ, ಬೂಟು ತೆಗೆದು, ಕೈ ಅಥವಾ ಕಾಲು ಅಲುಗದಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಕರೆಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗ ಸಮೀಪವಿದ್ದರೆ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿಯಲು, ಕೊಲ್ಲಲು ಹೊತ್ತು ಕಳೆಯಬೇಡಿ.

ಹಂತ 10: ಹೊರಬಂದ ಮೇಲೆ

ತೆರೆದ ಬಾಗಿಲುಗಳನ್ನು ಮೊದಲಿದ್ದಂತೆಯೇ ಮುಚ್ಚಿ. ಬಟ್ಟೆಯನ್ನು ಮನೆಯೊಳಗೆ ತರದೆ ಬಿಸಿನೀರಿನಲ್ಲಿ ನೆನೆಸಿ, ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ ಉಣುಗು ಹುಡುಕಿ. ಮುಂದಿನ ಹತ್ತು ಹದಿನೈದು ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರ ಬಳಿ ‘ಪಾಳು ಕಟ್ಟಡಕ್ಕೆ ಹೋಗಿದ್ದೆ’ ಎಂದು ಮರೆಯದೆ ಹೇಳಿ. ಮಂಗನ ಕಾಯಿಲೆ, ಇಲಿಜ್ವರ ಎರಡನ್ನೂ ಬೇಗ ಗುರುತಿಸಲು ಆ ಒಂದು ವಾಕ್ಯ ಬೇಕಾಗುತ್ತದೆ.

ಚಿತ್ರಗಳನ್ನೂ ನಕ್ಷೆಯನ್ನೂ ಎರಡು ಕಡೆ ಉಳಿಸಿ, ಒಂದು ಪ್ರತಿಯನ್ನು ವಾರದೊಳಗೆ ಮಾಲೀಕರಿಗೆ ಕೊಡಿ. ಜೊತೆಗೆ ಒಂದೇ ಹಾಳೆಯಲ್ಲಿ ನೀರು ಇಳಿಯುತ್ತಿರುವ ಜಾಗಗಳ ಪಟ್ಟಿ ಇರಲಿ: ಯಾವ ಮೂಲೆಯಲ್ಲಿ ಎಷ್ಟು ಹೆಂಚು ಬೇಕು, ಯಾವ ದಂಬೆಯ ಎಲೆ ತೆಗೆಸಬೇಕು ಎಂದು. ತೀರ್ಥಹಳ್ಳಿ ಕಡೆಯ ಆ ನಾಟಕಶಾಲೆಯ ಮಾಲೀಕರಿಗೆ ನಾವು ಕೊಟ್ಟ ಹಾಳೆಯಲ್ಲಿ ರಂಗದ ಮೇಲಿನ ಮೂರು ಹೆಂಚಿನ ವಿಷಯ ಮೊದಲ ಸಾಲಿನಲ್ಲಿತ್ತು. ಮುಂದಿನ ಮಳೆಗೆ ಮೊದಲು ಅವರು ಅಷ್ಟನ್ನು ಹೊದಿಸಿದರು.